ಚುಕ್ಕಿಗೊಬ್ಬ ದಫೇದಾರ

೨೦೦೪ರ ಜೂನ್ ೧೯, ಶನಿವಾರ. ನನ್ನ ದಿನಚರಿಯಲ್ಲಿ ಹೀಗಿದೆ: "ಸಂಘದ ಕಂಪ್ಯೂಟರ್ ಇಂದು ಅಧ್ಯಕ್ಷರನ್ನೇ ನುಂಗಿತು."

ನಮ್ಮ ಸಂಘದ ಸಮಾರಂಭದ ಆಮಂತ್ರಣದಲ್ಲಿ ಇನಿಷಿಯಲ್ಲು ಚಿಕ್ಕದಾಗಿ, ಹೆಸರು ದಪ್ಪಗೆ ಬರಬೇಕೆಂದು ಅಧ್ಯಕ್ಷ ಜಿ.ಕೆ.ಎಂ. ಪಂಚಾಕ್ಷರಯ್ಯನವರ ಅಪ್ಪಣೆ. ಇನಿಷಿಯಲ್ಲೂ ಹೆಸರೂ ಬೇರೆಬೇರೆಯಾಗಲೆಂದು, "ಚುಕ್ಕಿ ಕಂಡಲ್ಲಿ ಕತ್ತರಿಸು" ಎಂದು ಗುಮಾಸ್ತೆ ಕಂಪ್ಯೂಟರಿಗೆ ಆಜ್ಞೆ ಕೊಟ್ಟಳು. ಹಾಳೆ ಖಾಲಿ ಬಂತು.

"ಸಂಜೆಯೊಳಗೆ ನನ್ನ ಹೆಸರು ಬರಬೇಕು. ಇಲ್ಲದಿದ್ದರೆ ನೀನು ಮನೆಗೆ!" ಎಂದು ಅಧ್ಯಕ್ಷರು ಗುಡುಗಿದರು.

ಅವಳಿಗೆ ತಪ್ಪು ಹೊಳೆಯಿತು. ಕಂಪ್ಯೂಟರಿಗೆ ಬರೀ ಚುಕ್ಕಿಯೆಂದರೆ 'ಯಾವ ಅಕ್ಷರವಾದರೂ ಸರಿ' ಎಂದರ್ಥ. ಅದು ಎಲ್ಲವನ್ನೂ ಕತ್ತರಿಸಿ ಹಾಕಿತ್ತು. ಆಜ್ಞೆಯಲ್ಲಿ ಚುಕ್ಕಿಯ ಮುಂದೆ ಒಂದು ಓರೆಗೆರೆ ಎಳೆದಳು.

"ನನ್ನ ಚುಕ್ಕಿಗೆ ಗೀಟೇ? ಅಳಿಸು!"

"ಗೀಟಲ್ಲ ಸಾರ್, ದಫೇದಾರ. ಜಿಲ್ಲಾಧಿಕಾರಿಗಳ ಮುಂದೆ ನಡೆಯುತ್ತಾನಲ್ಲ, ಹಾಗೆ. 'ಇವರು ಯಾರೋ ಅಲ್ಲ, ಸಾಕ್ಷಾತ್ ಚುಕ್ಕಿಯವರೇ' ಅಂತ ಸಾರುತ್ತಾನೆ."

ಅಧ್ಯಕ್ಷರು ಶಲ್ಯ ಸರಿಪಡಿಸಿಕೊಂಡರು. "ಹಾಗೋ! ಇರಲಿ, ಇರಲಿ."

ಹೆಸರು ಬಂತು, ಅವಳ ಕೆಲಸವೂ ಉಳಿಯಿತು.

ಒಟ್ಟು ಖರ್ಚು: ಅಧ್ಯಕ್ಷರ ಮನೆಯ ನಾಮಫಲಕದಲ್ಲಿ ಮೂರು ಚುಕ್ಕಿಗಳ ಮುಂದೆಯೂ ಓರೆಗೆರೆ ಬರೆದ ಪೇಂಟರಿಗೆ ನಲವತ್ತು ರೂಪಾಯಿ. ಅದನ್ನು ಅವರೇ ಸಂತೋಷದಿಂದ ಕೊಟ್ಟರು.