ಗಂಧದ ಹಾರದ ಫೋಟೋ

ರಾಣೆಬೆನ್ನೂರಿನ ಬೀಜದ ವ್ಯಾಪಾರಿ ಚನ್ನವೀರಪ್ಪನವರು ಗುಮಾಸ್ತ ಕೊಟ್ರೇಶಿಯನ್ನು ಕರೆದರು. "ಲಿಂಕ್ಡ್‌ಇನ್‌ನಾಗ ಸಾವಿರ ವ್ಯಾಪಾರಸ್ಥರು ನನ್ನ ಹೊಗಳಿ ಬರೀಬೇಕು. ಶನಿವಾರದೊಳಗ ಆಗ್ಲಿಲ್ಲಂದ್ರ ನಿನ್ನ ಕೆಲಸ ಹೋತು."

ಐದು ದಿನ ಕೈಕಾಲು ಹಿಡಿದರೂ ಬರೆದವರು ಹನ್ನೊಂದೇ ಜನ. ಕೊನೆಗೆ ಕೊಟ್ರೇಶಿ, ಸಾವಕಾರರು ಸನ್ಮಾನದಲ್ಲಿ ಗಂಧದ ಹಾರ ಹಾಕಿಸಿಕೊಂಡಿದ್ದ ಫೋಟೋವನ್ನು ಕಪ್ಪು ಬಿಳುಪು ಮಾಡಿ, ಕೆಳಗೆ ಹೆಸರಷ್ಟೇ ಬರೆದು ಹಾಕಿದ.

ಶನಿವಾರ ಬೆಳಿಗ್ಗೆ ಸಾವಿರದ ಇನ್ನೂರು ಜನ ಬರೆದಿದ್ದರು: 'ಎಂಥಾ ದೊಡ್ಡ ಮನುಷ್ಯ! ಓಂ ಶಾಂತಿ.'

"ನಾ ಇನ್ನೂ ಬದುಕೇನಿ ಅಂತ ಈಗಲೇ ಹಾಕೋ!" ಎಂದು ಸಾವಕಾರರು ಗದರಿದರು.

"ಹಾಕ್ತೀನ್ರೀ ಸಾವಕಾರ್ರ. ಆದ್ರ ಹೊಗಳಿದ್ದೆಲ್ಲಾ ಅಳಿಸಿಬಿಡ್ತಾರ."

ಸಾವಕಾರರು ಮೊಬೈಲ್ ನೋಡುತ್ತಾ ಕೂತರು. "ಇವರೊಳಗ ಒಬ್ಬನಾದ್ರೂ ಮನಿಗೆ ಫೋನ್ ಮಾಡ್ಯಾನೇನು?"

"ಇಲ್ರೀ."

"ಹಂಗಾದ್ರ ಇರಲಿ ಬಿಡು," ಎಂದರು. "ಸತ್ತಾಂವ ಅಂತಾನ ಇರಲಿ."