ಕೋಲಿನ ಮೇಲೆ ಮಲಗಿದ ಕೋಣ

ಬನ್ನಿ, ಹತ್ತಿರ ಬನ್ನಿ. ಚಕ್ಕಳಮಕ್ಕಳ ಹಾಕಿ ಕೂತ್ಕೊಳ್ಳಿ. ಹೂಂ ಅನ್ನೋರಿಗೆ ಮಾತ್ರ ಕಥೆ.

ಒಂದು ಕಡಲು ದಾಟಿ, ಇನ್ನೊಂದು ಕಡಲು ದಾಟಿದರೆ ಫಿಲಿಪೀನ್ಸ್ ಅಂತ ದೇಶ. ಅಲ್ಲೊಂದು ಪುಟ್ಟ ದ್ವೀಪ. ಆ ದ್ವೀಪದಲ್ಲಿ ಒಬ್ಬಳು ಪುಟ್ಟ ಹುಡುಗಿ. ಹೆಸರು ನಿಂಗ್ನಿಂಗ್. ಅವಳಿಗೊಬ್ಬಳು ಅಜ್ಜಿ. ಆ ದೇಶದಲ್ಲಿ ಅಜ್ಜಿಗೆ ಲೋಲಾ ಅಂತಾರೆ.

ಅವತ್ತು ಲೋಲಾಳ ಹುಟ್ಟುಹಬ್ಬ. ಹಬ್ಬ ಅಂದರೆ ಅಲ್ಲಿ ಲೆಚೋನ್. ಲೆಚೋನ್ ಅಂದರೆ ಏನು? ಇಡೀ ಹಂದಿಮರಿ! ಅದರ ಹೊಟ್ಟೆ ತುಂಬ ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು, ಮಜ್ಜಿಗೆಹುಲ್ಲು ತುಂಬಬೇಕು. ಉದ್ದನೆ ಬಿದಿರು ಕೋಲಿಗೆ ಪೋಣಿಸಬೇಕು. ಕೆಂಡದ ಮೇಲೆ ತಿರುಗಿಸಬೇಕು, ತಿರುಗಿಸಬೇಕು, ತಿರುಗಿಸ್ತಾನೇ ಇರಬೇಕು. ಆಗ ಚರ್ಮ ಕೆಂಪಗೆ ಹೊಳೆಯುತ್ತೆ. ಕಡಿದರೆ ಕರುಂ ಕುರುಂ!

ಎಲ್ಲಕ್ಕಿಂತ ಕರುಂ ಕುರುಂ ಯಾವುದು ಗೊತ್ತಾ? ಕಿವಿ. ಆ ಕಿವಿ ಯಾರಿಗೆ? ಕೋಲು ತಿರುಗಿಸಿದವರಿಗೆ. ಅದು ಆ ಊರಿನ ಕಟ್ಟಳೆ.

ಪ್ರತಿ ವರ್ಷ ನಿಂಗ್ನಿಂಗ್ "ನಾನು ತಿರುಗಿಸ್ತೀನಿ" ಅನ್ನೋಳು. ಪ್ರತಿ ವರ್ಷ ಎಲ್ಲರೂ "ನೀನಿನ್ನೂ ಚಿಕ್ಕೋಳು" ಅನ್ನೋರು. ಈ ವರ್ಷ ಲೋಲಾ ಹೇಳಿದಳು, "ಈ ಸಲ ನನ್ನ ಮೊಮ್ಮಗಳೇ ತಿರುಗಿಸ್ತಾಳೆ!" ನಿಂಗ್ನಿಂಗ್ ಕುಣಿದಾಡಿಬಿಟ್ಟಳು.

ಕೋಲನ್ನು ಹಳ್ಳಕ್ಕೆ ಒಯ್ದಳು. ಉಜ್ಜಿ ಉಜ್ಜಿ ತೊಳೆದಳು. ಮೆತ್ತನೆ ಹುಲ್ಲಿನ ಮೇಲೆ ಒಣಗಲು ಇಟ್ಟಳು. ಕೈ ತೊಳೆದು ತಿರುಗಿ ನೋಡ್ತಾಳೆ, ಕೋಲಿಲ್ಲ! ಕೋಲಿದ್ದ ಕಡೆ ಕೋಣ. ದೊಡ್ಡ ಕೋಣ. ಹಾಯಾಗಿ ಮಲಗಿಬಿಟ್ಟಿದೆ. ಕೋಲು ಅದರ ಹೊಟ್ಟೆ ಕೆಳಗೆ.

ಬೇರೆ ಕೋಲು ತರಬಹುದಲ್ಲ ಅಂತೀರಾ? ಜಾಣರು ನೀವು! ಬೇರೆ ಕೋಲು ಹಂದಿಮರಿ ಭಾರಕ್ಕೆ ಬಾಗುತ್ತೆ. ಬಾಗದ ಕೋಲು ಊರಿಗೆಲ್ಲ ಅದೊಂದೇ.

"ಕೋಣಪ್ಪ, ಕೋಣಪ್ಪ, ಏಳು! ಕೋಲು ಕೊಡು. ಮನೇಲಿ ಕೆಂಡ ಕಾಯ್ತಿದೆ."

"ಏಳಲ್ಲ" ಅಂದಿತು ಕೋಣ. "ಕಿವಿಯೊಳಗೆ ಉಣ್ಣಿ ಕಚ್ತಿದೆ. ಬೆಳ್ಳಕ್ಕಿ ಬಂದು ಕೀಳಲಿ. ಆಮೇಲೆ ಏಳ್ತೀನಿ."

ನಿಂಗ್ನಿಂಗ್ ಬಿಡ್ತಾಳಾ? ಬಿಡಲ್ಲ! ಲಂಗ ಎತ್ತಿ ಕಟ್ಟಿದಳು. ಗದ್ದೆಗೆ ಓಡಿದಳು. ಗದ್ದೆಯಲ್ಲಿ ಬೆಳ್ಳಕ್ಕಿ ಒಂಟಿಕಾಲಲ್ಲಿ ನಿಂತಿತ್ತು.

"ಬೆಳ್ಳಕ್ಕಿ ಅಕ್ಕ, ಬೆಳ್ಳಕ್ಕಿ ಅಕ್ಕ, ಬಾ!
ಬೆಳ್ಳಕ್ಕಿ ಬಾರದೆ ಕೋಣ ಏಳದು,
ಕೋಣ ಏಳದೆ ಕೋಲು ಸಿಗದು,
ಕೋಲು ಸಿಗದೆ ಲೆಚೋನ್ ಆಗದು!"

"ಬರಲ್ಲ" ಅಂದಿತು ಬೆಳ್ಳಕ್ಕಿ. "ಉಣ್ಣಿ ತಿಂದರೆ ಹೊಟ್ಟೆ ತುಂಬುತ್ತಾ? ಮೊದಲು ಒಂದು ಮೀನು ತಾ. ಆಮೇಲೆ ಬರ್ತೀನಿ."

ನಿಂಗ್ನಿಂಗ್ ಬಿಡ್ತಾಳಾ? ಬಿಡಲ್ಲ! ಲಂಗ ಎತ್ತಿ ಕಟ್ಟಿದಳು. ಕಡಲಿಗೆ ಓಡಿದಳು. ಕಡಲ ದಂಡೆಯಲ್ಲಿ ಮೀನು ಹಿಡಿಯೋ ಬೆರ್ತಿಂಗ್ ಮಾಮ ತಲೆ ಮೇಲೆ ಕೈ ಹೊತ್ತು ಕೂತಿದ್ದ.

"ಬೆರ್ತಿಂಗ್ ಮಾಮ, ಬೆರ್ತಿಂಗ್ ಮಾಮ, ಒಂದು ಮೀನು ಕೊಡಿ!
ಮೀನು ಬೀಳದೆ ಬೆಳ್ಳಕ್ಕಿ ಬಾರದು,
ಬೆಳ್ಳಕ್ಕಿ ಬಾರದೆ ಕೋಣ ಏಳದು,
ಕೋಣ ಏಳದೆ ಕೋಲು ಸಿಗದು,
ಕೋಲು ಸಿಗದೆ ಲೆಚೋನ್ ಆಗದು!"

"ಎಲ್ಲಿಂದ ಕೊಡಲಮ್ಮ?" ಅಂದ ಮಾಮ. "ಬಲೆ ಹರಿದಿದೆ. ಈ ಕಡೆ ಬಂದ ಮೀನು ಆ ಕಡೆ ಹೋಗ್ತಿದೆ. ಗಟ್ಟಿ ನೂಲು ತಾ. ಬಲೆ ಹೊಲೀತೀನಿ. ಆಮೇಲೆ ಮೀನು."

ನಿಂಗ್ನಿಂಗ್ ಬಿಡ್ತಾಳಾ? ಬಿಡಲ್ಲ! ಲಂಗ ಎತ್ತಿ ಕಟ್ಟಿದಳು. ಬಟ್ಟೆ ಹೊಲಿಯೋ ನೆನಾ ಅತ್ತೆ ಮನೆಗೆ ಓಡಿದಳು. ನೆನಾ ಅತ್ತೆ ಟಕಟಕಟಕ ಮಿಷನ್ ತುಳೀತಿದ್ದಳು.

"ನೆನಾ ಅತ್ತೆ, ನೆನಾ ಅತ್ತೆ, ಗಟ್ಟಿ ನೂಲು ಕೊಡಿ!
ನೂಲು ಬಾರದೆ ಮೀನು ಬೀಳದು,
ಮೀನು ಬೀಳದೆ ಬೆಳ್ಳಕ್ಕಿ ಬಾರದು,
ಬೆಳ್ಳಕ್ಕಿ ಬಾರದೆ ಕೋಣ ಏಳದು,
ಕೋಣ ಏಳದೆ ಕೋಲು ಸಿಗದು,
ಕೋಲು ಸಿಗದೆ ಲೆಚೋನ್ ಆಗದು!"

"ಅಯ್ಯೋ, ಏಳೋಕೂ ಆಗಲ್ಲ ಕಣೆ" ಅಂದಳು ಅತ್ತೆ. "ಹಬ್ಬದ ಬಟ್ಟೆ ಹೊಲಿದೂ ಹೊಲಿದೂ ಗಂಟಲು ಒಣಗಿದೆ. ಒಂದು ಎಳನೀರು ತಂದುಕೊಡು. ಕುಡಿದು ಎದ್ದು ನೂಲು ಹುಡುಕಿ ಕೊಡ್ತೀನಿ."

ನಿಂಗ್ನಿಂಗ್ ಕಾಲು ನೋಯ್ತಿತ್ತು. ಬಿಸಿಲು ಸುಡ್ತಿತ್ತು. ಬಿಡ್ತಾಳಾ? ಬಿಡಲ್ಲ! ಲಂಗ ಎತ್ತಿ ಕಟ್ಟಿದಳು. ತೆಂಗಿನ ತೋಪಿಗೆ ಓಡಿದಳು. ತೋಪಿನಲ್ಲಿ ಮರ ಹತ್ತೋ ಡೋಮಿಂಗಣ್ಣ ಮುಖ ಊದಿಸಿಕೊಂಡು ಕೂತಿದ್ದ.

"ಡೋಮಿಂಗಣ್ಣ, ಡೋಮಿಂಗಣ್ಣ, ಮರ ಹತ್ತು!
ಎಳನೀರು ಇಳಿಯದೆ ನೂಲು ಬಾರದು,
ನೂಲು ಬಾರದೆ ಮೀನು ಬೀಳದು,
ಮೀನು ಬೀಳದೆ ಬೆಳ್ಳಕ್ಕಿ ಬಾರದು,
ಬೆಳ್ಳಕ್ಕಿ ಬಾರದೆ ಕೋಣ ಏಳದು,
ಕೋಣ ಏಳದೆ ಕೋಲು ಸಿಗದು,
ಕೋಲು ಸಿಗದೆ ಲೆಚೋನ್ ಆಗದು!"

"ಹತ್ತಲ್ಲ" ಅಂದ ಡೋಮಿಂಗಣ್ಣ. "ನನಗೆ ಲೆಚೋನ್ ಕಿವಿ ಬೇಕು. ಕಿವಿ ಕೊಟ್ಟರೆ ಹತ್ತುತ್ತೀನಿ."

ಅಯ್ಯಯ್ಯೋ! ನೋಡಿದ್ರಾ ಫಜೀತಿ? ಲೆಚೋನ್ ಆಗದೆ ಕಿವಿ ಬಾರದು. ಕಿವಿ ಬಾರದೆ ಎಳನೀರು ಇಳಿಯದು. ಎಳನೀರು ಇಳಿಯದೆ ಲೆಚೋನೇ ಆಗದು!

"ಸಂಜೆ ಕೊಡ್ತೀನಿ ಅಣ್ಣ. ಮಾತು ಕೊಡ್ತೀನಿ."

"ಮಾತು ಕರುಂ ಕುರುಂ ಅನ್ನುತ್ತಾ?" ಅಂದ ಡೋಮಿಂಗಣ್ಣ. "ಪ್ರತಿ ಹಬ್ಬದಲ್ಲೂ ಎಲ್ಲರಿಗೂ ಎಳನೀರು ಬೇಕು. ನಾನು ಮರದ ಮೇಲೆ. ಇಳಿದು ಬರೋ ಹೊತ್ತಿಗೆ ತಟ್ಟೇಲಿ ಬರೀ ಮೂಳೆ. ಕೋಲು ತಿರುಗಿಸು ಬಾ ಅಂತ ನನ್ನನ್ನ ಯಾರೂ ಕರೆದೇ ಇಲ್ಲ."

ನೀನಿನ್ನೂ ಚಿಕ್ಕೋಳು ಅನ್ನಿಸಿಕೊಂಡು ದೂರ ನಿಲ್ಲೋದು ಹೇಗಿರುತ್ತೆ ಅಂತ ನಿಂಗ್ನಿಂಗ್‌ಗೆ ಗೊತ್ತಿತ್ತು. ಆದರೆ ಕಿವಿ? ಇಷ್ಟು ವರ್ಷ ಕಾದ ಕಿವಿ? ಅವಳ ಕಣ್ಣು ತುಂಬಿ ಬಂತು.

ಮೂಗು ಒರೆಸಿಕೊಂಡಳು. ಗಟ್ಟಿಯಾಗಿ ಹೇಳಿದಳು, "ನನ್ನ ಬದಲು ನೀನೇ ಕೋಲು ತಿರುಗಿಸು ಅಣ್ಣ. ತಿರುಗಿಸಿದವರಿಗೇ ಕಿವಿ. ಅದು ಬರೀ ಮಾತಲ್ಲ, ಊರ ಕಟ್ಟಳೆ."

ಡೋಮಿಂಗಣ್ಣ ದಡಕ್ಕನೆ ಎದ್ದ. ಸರಸರ ಮರ ಹತ್ತಿದ. ಆಮೇಲೆ ಏನಾಯ್ತು? ಹೇಳಿ ನನ್ನ ಜೊತೆ!

ಮರ ಹತ್ತಿದ, ಎಳನೀರು ಇಳೀತು.
ಎಳನೀರು ಇಳೀತು, ನೂಲು ಬಂತು.
ನೂಲು ಬಂತು, ಮೀನು ಬಿತ್ತು.
ಮೀನು ಬಿತ್ತು, ಬೆಳ್ಳಕ್ಕಿ ಬಂತು.
ಬೆಳ್ಳಕ್ಕಿ ಬಂತು, ಉಣ್ಣಿ ಕಿತ್ತಿತು.
ಉಣ್ಣಿ ಕಿತ್ತಿತು, ಕೋಣ ಎದ್ದಿತು.
ಕೋಣ ಎದ್ದಿತು, ಕೋಲು ಸಿಕ್ಕಿತು!

ಕೋಲು ಮುರಿದಿತ್ತಾ? ಇಲ್ಲ. ಬಾಗಿತ್ತಾ? ಇಲ್ಲವೇ ಇಲ್ಲ. ನಿಂಗ್ನಿಂಗ್ ಹೆಗಲ ಮೇಲೆ ಹೊತ್ತು ಮನೆಗೆ ಓಡಿದಳು.

ಹಂದಿಮರಿ ಕೋಲೇರಿತು. ಎರಡು ಕಡೆ ಎರಡು ಕವೆಗೋಲು. ನಡುವೆ ಕೆಂಡ. ಡೋಮಿಂಗಣ್ಣ ಈ ತುದಿಯಲ್ಲಿ ಕೂತು ತಿರುಗಿಸಿದ. ನಿಂಗ್ನಿಂಗ್ ಬಾಳೆಗಿಡದ ಹಿಂದೆ ಹೋಗಿ ನಿಂತಳು. ಅವಳು ಅಳಲಿಲ್ಲ. ಆದರೆ ನೋಡಲೂ ಇಲ್ಲ.

ತಿರುಗಿಸಿದ, ತಿರುಗಿಸಿದ. ಟಕ್! ಆ ಕಡೆ ತುದಿ ಕವೆಯಿಂದ ಜಿಗಿಯಿತು. ಹಂದಿಮರಿ ವಾಲಿತು. ಇನ್ನೇನು, ಕೆಂಡಕ್ಕೇ ಬೀಳುತ್ತೆ!

"ಓ ನಿಂಗ್ನಿಂಗ್! ಬಾರೇ! ಆ ತುದಿ ಹಿಡ್ಕೊಳ್ಳೇ!" ಅಂತ ಕೂಗಿದ ಡೋಮಿಂಗಣ್ಣ.

ನಿಂಗ್ನಿಂಗ್ ಹಾರಿ ಬಂದಳು. ತುದಿ ಹಿಡಿದಳು. ಎತ್ತಿ ಕವೆಗೆ ಕೂರಿಸಿದಳು. ಹೊಗೆ ಬಂತು. ಬಿಡ್ತಾಳಾ? ಬಿಡಲ್ಲ! ಕೈ ನೋಯ್ತು. ಬಿಡ್ತಾಳಾ? ಬಿಡಲ್ಲ! ಈ ತುದಿ ಡೋಮಿಂಗಣ್ಣ, ಆ ತುದಿ ನಿಂಗ್ನಿಂಗ್. ತಿರುಗಿಸಿದರು, ತಿರುಗಿಸಿದರು, ತಿರುಗಿಸ್ತಾನೇ ಇದ್ದರು. ಚರ್ಮ ಕೆಂಪಗೆ ಹೊಳೀತು. ಘಮ ಘಮ ಅಂತ ಊರೇ ಬಂದು ಸೇರಿತು. ಬೆರ್ತಿಂಗ್ ಮಾಮ ಬಂದ. ನೆನಾ ಅತ್ತೆ ಬಂದಳು. ಬೇಲಿಯಾಚೆ ಕೋಣ ಬಂತು. ಕೋಣದ ಬೆನ್ನೇರಿ ಬೆಳ್ಳಕ್ಕಿಯೂ ಬಂತು.

ಲೋಲಾ ಕತ್ತಿ ಹಿಡಿದು ಕೇಳಿದಳು, "ಕೋಲು ತಿರುಗಿಸಿದ್ದು ಯಾರು?"

"ಡೋಮಿಂಗಣ್ಣ" ಅಂದಳು ನಿಂಗ್ನಿಂಗ್.

"ನಿಂಗ್ನಿಂಗ್" ಅಂದ ಡೋಮಿಂಗಣ್ಣ.

ಲೋಲಾ ಬೊಚ್ಚುಬಾಯಿ ತೆರೆದು ನಕ್ಕಳು. "ಕೋಲಿಗೆ ಎಷ್ಟು ತುದಿ?"

"ಎರಡು!"

"ಹಂದಿಮರಿಗೆ ಎಷ್ಟು ಕಿವಿ?"

ಎಷ್ಟು? ಹೇಳಿ, ಹೇಳಿ! ಎರಡು!

ಒಂದು ಕಿವಿ ಡೋಮಿಂಗಣ್ಣನಿಗೆ. ಕರುಂ!
ಒಂದು ಕಿವಿ ನಿಂಗ್ನಿಂಗ್‌ಗೆ. ಕುರುಂ!

ಲೆಚೋನ್ ಮುಗೀತು, ಕೋಲು ಉಳೀತು. ಕಥೆ ಮುಗೀತು, ಕರುಂ ಕುರುಂ ಉಳೀತು.