ಬಾಚಣಿಗೆಯ ದಿನಚರಿ

ಇಂದುಶ್ರೀ ಕನ್ನಡಿಯ ಮುಂದೆ ತಲೆ ಬಾಚುತ್ತಾ ಸ್ಪ್ಯಾನಿಷ್ ಪಾಠ ಒಪ್ಪಿಸುತ್ತಿದ್ದಳು: "ಮೆ ಲೆವಾಂತೊ, ನಾನು ಏಳುತ್ತೇನೆ. ಮೆ ಪೇಯ್ನೊ, ನಾನು ತಲೆ ಬಾಚಿಕೊಳ್ಳುತ್ತೇನೆ."

ಕೈಯಲ್ಲಿದ್ದ ಬಾಚಣಿಗೆಗೆ ಸಿಡಿಲು ಬಡಿದಂತಾಯಿತು. ಅವಳು ಅದನ್ನಿಟ್ಟು ಆಚೆ ಹೋದದ್ದೇ ತಡ, ಪಕ್ಕದ ಲೋಟದಲ್ಲಿದ್ದ ಹಳೇ ಟೂತ್‌ಬ್ರಷ್ಷಿಗೆ ದೂರು ಹೇಳಿತು.

"ಕೇಳಿದಿರಾ ಅಜ್ಜಾ, ಈ ಅನ್ಯಾಯ! ಒಂಬತ್ತು ವರ್ಷ ಅವಳ ಸಿಕ್ಕು ಬಿಡಿಸಿ ಬಿಡಿಸಿ ನನ್ನ ಎರಡು ಹಲ್ಲು ಹೋದವು. ಈಗ ಅವಳೇ ಬಾಚಿಕೊಳ್ಳುತ್ತಾಳಂತೆ! ಪರದೇಶದ ಮಾತಿನಲ್ಲೂ ಅದನ್ನೇ ಸಾರುತ್ತಾಳೆ! ನನ್ನ ಹೆಸರೇ ಇಲ್ಲ!"

"ಅನ್ಯಾಯವೇ ಸರಿ. ಅದಿರಲಿ ಮಗೂ, ನಿನ್ನ ದಿನಚರಿ ಹೇಳು, ಕೇಳೋಣ" ಎಂದಿತು ಬ್ರಷ್ಷು.

ಬಾಚಣಿಗೆ ಬೆನ್ನು ನೆಟ್ಟಗೆ ಮಾಡಿಕೊಂಡಿತು. "ಬೆಳಗ್ಗೆ ಏಳುತ್ತೇನೆ. ಅವಳ ತಲೆ ಬಾಚುತ್ತೇನೆ. ಭಾನುವಾರ ಬಂತೆಂದರೆ ಸೋಪಿನ ನೀರಿಗಿಳಿದು, ಹಲ್ಲಿನ ಸಂದಿಯ ಕೊಳೆಯನ್ನೆಲ್ಲ ನಾನೇ ತೆಗೆದುಕೊಳ್ಳುತ್ತೇನೆ."

ಬ್ರಷ್ಷು ಲೋಟದಲ್ಲೇ ತಲೆ ಈಚೆ ವಾಲಿಸಿತು. ಬಾಚಣಿಗೆ ಅದರತ್ತ ತಿರುಗಿ ನೋಡಿತು. ಭಾನುವಾರ ಭಾನುವಾರವೂ ಆ ಸಂದಿಗಳನ್ನು ಉಜ್ಜಿ ಉಜ್ಜಿ ಬೋಳಾದ ತಲೆ. ಆ ತಲೆಗೆ, ಮೊನ್ನೆ ಬಾಚಣಿಗೆಯ ಹಲ್ಲಿನಿಂದ ಕಿತ್ತ ಉದ್ದ ಕೂದಲೊಂದು ಇನ್ನೂ ಅಂಟಿಕೊಂಡಿತ್ತು.

ಎರಡನೇ ಸಿಡಿಲು ಬಡಿದದ್ದು ಆಗ.